ಬದರೀನಾರಾಯಣರ ನೂರೈವತ್ತು ಪದಗಳು

ಅಚ್ಚಾದ ಅಕ್ಷರವನ್ನು ‘ಒಂದ್ನಿಮಿಷ’ ಎಂದು ಕೈಯೆತ್ತಿ ತಡೆಯುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಬೆಳಿಗ್ಗೆ ಆರೂಕಾಲಿಗೆ ಚಾಮರಾಜಪೇಟೆಯ ಮೂರನೇ ಮೇನ್ ರಸ್ತೆಯ ತಮ್ಮ ಮನೆಯ ಗೇಟಿನ ಬಳಿ ಬದರೀನಾರಾಯಣರು ಪತ್ರಿಕೆ ಬಿಡಿಸಿಕೊಂಡು ನಿಂತಿರುತ್ತಾರೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಏಕೆಂದರೆ ಎರಡನೆಯ ಚಪ್ಪಲಿ ಮೆಟ್ಟುವಷ್ಟರಲ್ಲಿ ಸಂಪಾದಕೀಯ ಪುಟ ಕಣ್ಣಿಗೆ ಬಿದ್ದಿರುತ್ತದೆ. ಮುಖಪುಟವನ್ನು ಅವರು ನೋಡುವುದಿಲ್ಲ. ಸುದ್ದಿಯ ಮೇಲೆ ಅವರಿಗೆ ಅಷ್ಟೇನೂ ಆಸ್ಥೆಯಿಲ್ಲ. ಸುದ್ದಿಯ ಬಗ್ಗೆ ಯಾರು ಏನೆಂದರು ಎಂಬುದರ ಮೇಲೆ ಪ್ರಾಣ. ಲೇಖನದ ಎರಡನೆಯ ಪ್ಯಾರಾ ತಲುಪುವಷ್ಟರಲ್ಲಿ ತುಟಿ ಅಲುಗುತ್ತದೆ, ಎಡಗೈ ಮೇಲೇಳುತ್ತದೆ, ‘ಒಂದ್ನಿಮಿಷ, ಒಂದ್ನಿಮಿಷ’ ಎಂದು ಆ ಕಾಗದಕ್ಕೇ ಹೇಳುತ್ತಾರೆ. ಹಾಲು ತರಲು ಹೊರಟವರು ತಮ್ಮನ್ನೇ ಕರೆದರೇನೋ ಎಂದು ನಿಂತದ್ದೂ ಉಂಟು.

ಅವರಿಗೆ ಈಗ ಎಪ್ಪತ್ತೆಂಟು. ಸಂಜೆ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರಾಜ್ಯಶಾಸ್ತ್ರ ಬೋಧಿಸಿ ನಿವೃತ್ತರಾದವರು. ತೆಳ್ಳನೆಯ, ಎತ್ತರದ ದೇಹ. ಅದರ ಮೇಲೆ ಏಪ್ರಿಲ್ ತಿಂಗಳ ಸೆಕೆಯಲ್ಲೂ ಕಳಚದ ಒಂದು ಕಂದು ಕೋಟು. ನಗರ್ತಪೇಟೆಯ ಓಣಿಯೊಂದರಲ್ಲಿ ಹೊಲಿಸಿದ ಆ ಕೋಟಿನ ಎಡಗಡೆಯ ಒಳಜೇಬು ಮಾಮೂಲಿಗಿಂತ ನಾಲ್ಕು ಬೆರಳು ಉದ್ದ. ಪತ್ರಿಕೆಯ ಲೇಖನವೊಂದನ್ನು ಒಂದೇ ಮಡಿಕೆಯಲ್ಲಿ ಇಡಲು ಬರುವಂತೆ ಅಳತೆ ಕೊಟ್ಟು ಮಾಡಿಸಿದ್ದು. ನಡಿಗೆಯೂ ವಿಚಿತ್ರ. ಹತ್ತು ಹೆಜ್ಜೆ ಬಿರುಸಾಗಿ ಹೋಗುತ್ತಾರೆ, ವಾದದ ಮುಖ್ಯಾಂಶ ಬಂದೊಡನೆ ಗಕ್ಕನೆ ನಿಲ್ಲುತ್ತಾರೆ. ಜೊತೆಗೆ ನಡೆಯುತ್ತಿದ್ದವರು ಮುಂದೆ ಹೋಗಿ, ಮಾತು ಕೇಳಿಸದಾದಾಗ ಹಿಂದಿರುಗಿ ಬರಬೇಕು. ಅವರ ಜೊತೆ ಒಂದು ಸುತ್ತು ಹಾಕಿದರೆ ಒಂದೂವರೆ ಸುತ್ತು ಹಾಕಿದಂತೆ ಎಂದು ನಮ್ಮ ಪೇಟೆಯ ಪುಟ್ಟ ಪಾರ್ಕಿನಲ್ಲಿ ಒಂದು ತಮಾಷೆಯೇ ಇದೆ.

ಓದಿ ಮುಗಿದ ಮೇಲೆ ಹರಿಯುವ ಕ್ರಮ. ಕತ್ತರಿ ಮುಟ್ಟುವುದಿಲ್ಲ. ಊಟದ ಮೇಜಿನ ಮೇಲೆ ಪುಟವನ್ನು ಹರಡಿ, ಸ್ಟೀಲಿನ ಅಡಿಪಟ್ಟಿಯನ್ನು ಲೇಖನದ ಅಂಚಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಾಲ್ಕೂ ಕಡೆ ಹರಿಯುತ್ತಾರೆ. ಪತ್ನಿ ಜಾನಕಮ್ಮನವರ ಕೈಗೆ ಪತ್ರಿಕೆ ಬರುವಾಗ ಅದರ ನಡುವೆ ಒಂದು ಕಿಟಕಿ. ಪದಬಂಧ ಇರುವುದು ಆ ಪುಟದ ಬೆನ್ನಿಗೇ ಆದ್ದರಿಂದ ಆ ತಾಯಿ ಎಷ್ಟೋ ವರ್ಷ ಅರ್ಧ ಪದಬಂಧವನ್ನು ಮಾತ್ರ ಬಿಡಿಸುತ್ತ ಬಂದರು. ‘ಮೇಲಿಂದ ಕೆಳಕ್ಕೆ ಮಾತ್ರ ನಂದು. ಎಡದಿಂದ ಬಲ ಎಲ್ಲಾ ಇವ್ರ ಉದಾರವಾದಕ್ಕೆ ಹೋಯ್ತು’ ಎಂದು ಒಮ್ಮೆ ಗಂಡನ ಎದುರಿನಲ್ಲೇ ನನಗೆ ಹೇಳಿದರು. ಕೊನೆಗೆ ತಮಗೇ ಇನ್ನೊಂದು ಪ್ರತಿ ಹಾಕಿಸಿಕೊಂಡರು.

ಹರಿದ ಲೇಖನಕ್ಕೆ ಉತ್ತರ ಬರೆಯುವುದು ಮಧ್ಯಾಹ್ನದ ಕೆಲಸ. ವಾಚಕರ ಪತ್ರಕ್ಕೆ ನೂರೈವತ್ತು ಪದಗಳ ಮಿತಿ ಎಂದು ಪತ್ರಿಕೆಯವರು ಎಂದೋ ಪ್ರಕಟಿಸಿದ್ದರು. ಮಿಕ್ಕವರೆಲ್ಲ ಮರೆತರು, ಇವರು ಮರೆಯಲಿಲ್ಲ. ಮೊದಲು ಮುನ್ನೂರು ಪದ ಬರೆದು, ಆಮೇಲೆ ಪೆನ್ಸಿಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ, ವಿಶೇಷಣಗಳನ್ನು ಹೊಡೆದುಹಾಕುತ್ತ, ಸಿಟ್ಟಿನ ವಾಕ್ಯಗಳನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟುಕೊಡುತ್ತ ನೂರೈವತ್ತಕ್ಕೆ ಇಳಿಸುತ್ತಾರೆ. ‘ಪ್ರಜಾಪ್ರಭುತ್ವದಲ್ಲಿ ಒಬ್ಬೊಬ್ರಿಗೆ ಸಿಗೋದು ಅಷ್ಟೇ ಕಣ್ರೀ. ಅಷ್ಟರಲ್ಲಿ ಹೇಳಕ್ಕಾಗ್ಲಿಲ್ಲ ಅಂದ್ರೆ ತಪ್ಪು ನಮ್ಮದು’ ಎನ್ನುವರು. ಪ್ರಕಟವಾದವು ಒಂದು ಕಡತದಲ್ಲಿ, ಆಗದವು ಇನ್ನೊಂದರಲ್ಲಿ. ಎರಡನೆಯದು ಈಗ ನಾಲ್ಕು ಕಡತಗಳಾಗಿದೆ.

ಈಚಿನ ವರ್ಷಗಳಲ್ಲಿ ಅವರ ಉತ್ಸಾಹದೊಳಗೆ ಒಂದು ದಣಿವು ಸೇರಿಕೊಂಡಿತ್ತು. ಮೂರು ತಿಂಗಳಿಗೊಮ್ಮೆ ಯಾರಾದರೊಬ್ಬರು ಉದಾರವಾದ ಸತ್ತಿತೆಂದು ಬರೆಯುತ್ತಾರೆ. ಮರುವಾರ ಇನ್ನೊಬ್ಬರು ಅದು ಸತ್ತಿಲ್ಲ, ಮೈಮರೆತು ಮಲಗಿದೆ ಎಂದು ಬರೆಯುತ್ತಾರೆ. ಎಲ್ಲಕ್ಕೂ ಉದಾರವಾದಿಗಳ ಸೊಕ್ಕೇ ಕಾರಣವೆಂದು ಮೂರನೆಯವರು. ಇವರು ಮೂವರಿಗೂ ಉತ್ತರ ಬರೆದು ನಾಲ್ಕನೆಯ ಲೇಖನಕ್ಕಾಗಿ ಕಾಯುತ್ತ ಕೂರುವರು. ಅಂಥ ಲೇಖನಗಳನ್ನು ಬರೆಯುವವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಪತ್ರಿಕೆಯವರು ಕೇಳಿದಾಗ ಎಂಟುನೂರು ಪದ ಬರೆದುಕೊಡುವ ಚಟ ನನಗೂ ಇದೆ, ಮತ್ತು ಬರೆದದ್ದನ್ನು ಮರುದಿನ ಓದಿದರೆ ನನಗೇ ಆಕಳಿಕೆ ಬರುತ್ತದೆ. ನನ್ನ ಲೇಖನ ಬಂದ ದಿನ ಬದರೀನಾರಾಯಣರು ಪಾರ್ಕಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಉತ್ತರವನ್ನು ಅಂಚೆಗೆ ಹಾಕುವವರೆಗೆ ಲೇಖಕನೊಡನೆ ಮಾತಾಡುವುದು ನ್ಯಾಯವಲ್ಲವೆಂದು ಅವರ ನಿಯಮ.

ಈ ಜೀವಮಾನದ ವಾದಕ್ಕೆ ಅವರಿಗೆ ಸಿಕ್ಕ ಒಬ್ಬನೇ ತಕ್ಕ ಎದುರಾಳಿ ಶ್ರೀನಿವಾಸಯ್ಯ. ಸರ್ಕಾರದ ಕಟ್ಟಡ ಇಲಾಖೆಯಲ್ಲಿ ನಕ್ಷೆಗಾರರಾಗಿದ್ದವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಅಡಿಪಟ್ಟಿಯಿಲ್ಲದೆ ನೇರ ಗೆರೆ ಎಳೆಯಬಲ್ಲ ಕೈ. ತೊಂಬತ್ತರ ದಶಕದ ಆರಂಭದಲ್ಲಿ ಮತ್ತಿಕೆರೆಯಿಂದ ಬಸ್ಸು ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಹಗಲೆಲ್ಲ ಕಚೇರಿಯಲ್ಲಿ ನಕ್ಷೆ ಬರೆದು ಸಂಜೆ ಬಿ.ಎ. ತರಗತಿಗೆ ಬರುತ್ತಿದ್ದ ಆತ, ಒಂದು ಶನಿವಾರ ಪಾಠ ಮುಗಿದ ಮೇಲೂ ಪ್ರಶ್ನೆ ಮುಗಿಯದೆ ಮೇಷ್ಟ್ರ ಜೊತೆ ಮನೆಯವರೆಗೂ ಬಂದರು. ಜಾನಕಮ್ಮ ಅಡುಗೆಮನೆಯಲ್ಲಿ ಇಬ್ಬರಿಗೂ ತಟ್ಟೆ ಹಾಕಿದರು. ಅಲ್ಲಿಂದ ಮುಂದೆ ಶನಿವಾರಗಳು ಹಾಗೆಯೇ ನಡೆದುಕೊಂಡು ಬಂದವು. ಹನ್ನೆರಡು ವರ್ಷದ ಹಿಂದೆ ಶ್ರೀನಿವಾಸಯ್ಯ ನಮ್ಮ ಪೇಟೆಯ ಐದನೇ ಮೇನಿನಲ್ಲೇ ಫ್ಲ್ಯಾಟು ಕೊಂಡ ಮೇಲೆ, ದಿನಾ ಬೆಳಗಿನ ಪಾರ್ಕೂ ಸೇರಿಕೊಂಡಿತು.

ಶ್ರೀನಿವಾಸಯ್ಯ ಲೇಖನಗಳನ್ನೆಲ್ಲ ಓದುತ್ತಿದ್ದರು, ಯಾವುದಕ್ಕೂ ಉತ್ತರ ಬರೆಯುತ್ತಿರಲಿಲ್ಲ. ‘ಎಲ್ಲಾ ಸರಿಯಾಗೇ ಬರ್ದಿದಾರೆ ಮೇಷ್ಟ್ರೇ, ಅದೇ ನೋಡಿ ಬೇಜಾರು’ ಎನ್ನುವರು. ಇಲ್ಲವೇ, ‘ಪ್ಲಾನ್ ಚೆನ್ನಾಗಿದೆ. ನೀರು ಎಲ್ಲಿ ಹೋಗ್ಬೇಕು ಅಂತ ತೋರ್ಸಿಲ್ಲ.’ ಬದರೀನಾರಾಯಣರು ನಡುದಾರಿಯಲ್ಲಿ ನಿಂತು ‘ಒಂದ್ನಿಮಿಷ’ ಎಂದರೆ, ಈ ಮನುಷ್ಯ ನಿಲ್ಲದೆ ಮುಂದೆ ಹೋಗಿಬಿಡುತ್ತಿದ್ದರು. ಆಗ ಮಾತ್ರ ಮೇಷ್ಟ್ರು ಕೋಟಿನ ಅಂಚು ಹಾರಿಸಿಕೊಂಡು ಹಿಂದೆ ಓಡುವುದನ್ನು ನೋಡಬಹುದಿತ್ತು. ಪತ್ರಿಕೆಯ ಲಕ್ಷಾಂತರ ಓದುಗರಿಗೆ ಬರೆದದ್ದೆಲ್ಲವೂ ಮೊದಲು ಈ ಒಬ್ಬನ ಕಿವಿಗೆ ಬೀಳಬೇಕು. ಆತ ‘ಹೂಂ’ ಎಂದರೆ ಅಂಚೆಗೆ ಹೋಗುವುದು. ಆತನಿಲ್ಲದ ಬದರೀನಾರಾಯಣರನ್ನು ನಾನು ಊಹಿಸಿಕೊಂಡೇ ಇರಲಿಲ್ಲ.

ಹೋದ ವರ್ಷ ಜೂನಿನಲ್ಲಿ ಪತ್ರಿಕೆಯವರು ಕೇಳಿದರೆಂದು ನಾನೊಂದು ಲೇಖನ ಬರೆದೆ. ಹೊಸದೇನೂ ಇರಲಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಉದಾರವಾದಿಗಳು ಸಂವಿಧಾನದ ಬಗ್ಗೆ ಸೊಗಸಾಗಿ ಮಾತಾಡುತ್ತಾರೆ, ಆದರೆ ಅವರ ಊಟದ ಮನೆಯಲ್ಲಿ ಕೂತವರನ್ನು ನೋಡಿದರೆ ಎಲ್ಲರೂ ಒಂದೇ ಜಾತಿಯ ನೆಂಟರು, ಎಂಬುದು ಅದರ ತಿರುಳು. ಯಾರನ್ನೂ ಉದ್ದೇಶಿಸಿರಲಿಲ್ಲ ಎಂದು ಆಮೇಲೆ ಹೇಳಿಕೊಂಡೆ. ಸುಳ್ಳು; ಬರೆಯುವಾಗ ಕಂದು ಕೋಟು ಒಮ್ಮೆ ಕಣ್ಮುಂದೆ ಹಾದುಹೋಗಿತ್ತು, ಶನಿವಾರಗಳನ್ನು ನೆನೆಯುವಷ್ಟು ವ್ಯವಧಾನ ನನಗಿರಲಿಲ್ಲ.

ಬದರೀನಾರಾಯಣರಿಗೆ ಅದು ನಾಟಿತು. ಎಷ್ಟು ನಾಟಿತೆಂದರೆ, ಮೊದಲ ಬಾರಿಗೆ ಉತ್ತರವನ್ನು ಶ್ರೀನಿವಾಸಯ್ಯನವರಿಗೆ ಓದಿ ಹೇಳದೆ ನೇರವಾಗಿ ಕಳಿಸಿಬಿಟ್ಟರು. ಒಂದು ಗುರುವಾರ ಅದು ಪ್ರಕಟವಾಯಿತು, ಪುಟದ ನೆತ್ತಿಯಲ್ಲಿ, ಚೌಕಟ್ಟಿನೊಳಗೆ. ಅದರ ಮುಖ್ಯ ಭಾಗ ಇಷ್ಟು: ‘ಲೇಖಕರ ಆರೋಪ ನಿರಾಧಾರ. ನನ್ನ ದಲಿತ ಮಿತ್ರರೊಬ್ಬರು ಮೂವತ್ತು ವರ್ಷಗಳಿಂದ ಪ್ರತಿ ಶನಿವಾರ ನಮ್ಮ ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದಾರೆ. ನಿವೃತ್ತ ನಕ್ಷೆಗಾರರಾದ ಅವರು ನಿತ್ಯವೂ ನಮ್ಮೊಡನೆ ವಾಯುವಿಹಾರ ಮಾಡುತ್ತಾರೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?’ ಕೆಳಗೆ ತಮ್ಮ ಹೆಸರು, ಚಾಮರಾಜಪೇಟೆ. ಸರಿಯಾಗಿ ನೂರೈವತ್ತು ಪದಗಳ ಪತ್ರದಲ್ಲಿ ಶ್ರೀನಿವಾಸಯ್ಯ ಎಂಬ ಒಂದು ಪದಕ್ಕೆ ಜಾಗ ಸಿಕ್ಕಿರಲಿಲ್ಲ.

ಪಾರ್ಕಿನವರಿಗೆಲ್ಲ ಒಂದು ವಾಟ್ಸಾಪ್ ಗುಂಪು ಇದೆ. ಬ್ಯಾಂಕಿನಿಂದ ನಿವೃತ್ತರಾದ ಕೈಲಾಸ್ ಎಂಬ ಒಳ್ಳೆಯ ಮನುಷ್ಯರು ಪತ್ರದ ಫೋಟೋ ತೆಗೆದು ಬೆಳಗ್ಗೆಯೇ ಅದಕ್ಕೆ ಹಾಕಿದ್ದರು; ಕೆಳಗೆ ಚಪ್ಪಾಳೆಗಳ ಸಾಲು. ನಮ್ಮ ಪಾರ್ಕಿನಲ್ಲಿ ನಿವೃತ್ತ ನಕ್ಷೆಗಾರ ಇರುವುದೇ ಒಬ್ಬರು. ಶ್ರೀನಿವಾಸಯ್ಯ ಒಳಗೆ ಬಂದಾಗ ಕೈಲಾಸ್ ಎದುರು ಹೋಗಿ ಎರಡೂ ಕೈಗಳಿಂದ ಅವರ ಕೈ ಹಿಡಿದರು.

‘ಗೊತ್ತೇ ಇರ್ಲಿಲ್ಲ ಸಾರ್. ನೋಡಿದ್ರೆ ಹೇಳಕ್ಕೇ ಆಗಲ್ಲ’ ಎಂದರು.

ಪಕ್ಕದಲ್ಲಿ ಬದರೀನಾರಾಯಣರು ಮುಖ ಅರಳಿಸಿಕೊಂಡು ನಿಂತಿದ್ದರು, ‘ಹೂಂ’ಗಾಗಿ ಕಾಯುತ್ತ. ಶ್ರೀನಿವಾಸಯ್ಯ ಕೈ ಬಿಡಿಸಿಕೊಂಡು, ಕೈಲಾಸ್ ಅವರಿಗೆ ನಮಸ್ಕಾರ ಮಾಡಿ, ಹಿಡಿದ ಸುತ್ತನ್ನು ಪೂರ್ತಿ ನಡೆದು ಮುಗಿಸಿ ಗೇಟು ದಾಟಿದರು. ಮರುದಿನ ಬರಲಿಲ್ಲ. ಆ ಶನಿವಾರ ಊಟಕ್ಕೂ ಬರಲಿಲ್ಲ. ಫೋನು ಮಾಡಿದರೆ ಅವರ ಹೆಂಡತಿ ಗಂಗರತ್ನಮ್ಮ, ‘ಮಲಗಿದಾರೆ’ ಎಂದರು. ಮೂರು ಸಲವೂ ಅದೇ ಉತ್ತರ.

ಮೇಷ್ಟ್ರಿಗೆ ಅರ್ಥವಾಗಲು ಹತ್ತು ದಿನ ಹಿಡಿಯಿತು. ‘ನಾನು ಹೆಮ್ಮೆಯಿಂದ ಬರೆದದ್ದು ಕಣ್ರೀ. ಹೆಸರೂ ಹಾಕಿಲ್ಲ, ಅವರ ಖಾಸಗಿತನಕ್ಕೆ ಗೌರವ ಕೊಟ್ಟು’ ಎಂದು ನನ್ನನ್ನು ಹಿಡಿದು ನಿಲ್ಲಿಸಿ ಹೇಳಿದರು. ಶ್ರೀನಿವಾಸಯ್ಯ ತಮ್ಮ ಜಾತಿಯನ್ನು ಎಂದೂ ಮುಚ್ಚಿಟ್ಟವರಲ್ಲ, ಹೊತ್ತು ತಿರುಗಿದವರೂ ಅಲ್ಲ. ಯಾರಾದರೂ ಕೇಳಿದರೆ ಹೇಳುವರು. ಆದರೆ ಆ ಗುರುವಾರದ ನಂತರ ಪಾರ್ಕಿನಲ್ಲಿ ಅವರ ವಿಷಯ ಬಂದಾಗಲೆಲ್ಲ ಜನ ದನಿ ತಗ್ಗಿಸಿ, ಗೌರವ ಒಂದಿಷ್ಟು ಹೆಚ್ಚಿಸಿ ಮಾತಾಡತೊಡಗಿದ್ದರು. ಇದನ್ನು ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಹೇಳುವಾಗ ನನಗೂ ನಾಚಿಕೆಯಾಗುತ್ತಿತ್ತು, ಏಕೆಂದರೆ ಸಾಕ್ಷಿ ಕೇಳಿದವನು ನಾನು. ಅವರು ಎಂದಿನಂತೆ ಕೈಯೆತ್ತಲಿಲ್ಲ.

ಆಮೇಲೆ ಅವರು ಮಾಡಿದ್ದು ಅವರೊಬ್ಬರೇ ಮಾಡಬಹುದಾದ ಕೆಲಸ. ಪತ್ರಿಕೆಗೆ ಕ್ಷಮಾಪಣೆಯ ಪತ್ರ ಬರೆದರು. ಹತ್ತು ಹನ್ನೊಂದು ಕರಡು ಮಾಡಿ, ನೂರೈವತ್ತಕ್ಕೆ ಇಳಿಸಿ, ಅಂಚೆಗೆ ಹಾಕಿ, ಪ್ರತಿದಿನ ಗೇಟಿನ ಬಳಿ ಪುಟ ಬಿಡಿಸಿ ಹುಡುಕಿದರು. ಮೂರು ವಾರ ಕಳೆದರೂ ಬರಲಿಲ್ಲ. ಪತ್ರಿಕೆಯವರು ಪರಿಚಯದವರೆಂದು ನಾನೇ ವಿಚಾರಿಸಿದರೆ, ‘ಸಾರ್, ಅದು ಪರ್ಸನಲ್ ಮ್ಯಾಟರ್ ಅಲ್ವಾ? ಓದುಗರಿಗೆ ಏನು ಸಂಬಂಧ?’ ಎಂದು ಪುಟದ ಉಸ್ತುವಾರಿಯವರು ವಿನಯದಿಂದ ಹೇಳಿದರು. ಬದರೀನಾರಾಯಣರು ಕೆರಳಿದರು. ಮೊದಲ ಪತ್ರ ಸಾರ್ವಜನಿಕ, ಎರಡನೆಯದು ವೈಯಕ್ತಿಕ, ಇದು ಯಾವ ನ್ಯಾಯ ಎಂದು ಸಂಪಾದಕರಿಗೆ ಇನ್ನೊಂದು ಪತ್ರ ಬರೆಯಲು ಕೂತರು. ಅನ್ನ ಬಸಿಯುತ್ತಿದ್ದ ಜಾನಕಮ್ಮ ಅಲ್ಲಿಂದಲೇ ಹೇಳಿದರು.

‘ಶ್ರೀನಿವಾಸಯ್ಯನ ಮನೆ ಐದನೇ ಮೇನಲ್ಲಿದೆ. ಪೇಪರ್ ಆಫೀಸಲ್ಲಿಲ್ಲ. ಇವತ್ತು ಶನಿವಾರ ಅಂತ, ಅವ್ರು ಬರಲ್ಲ ಅನ್ನೋದು ಮರೆತು ಅಕ್ಕಿ ಜಾಸ್ತಿ ಹಾಕ್ಬಿಟ್ಟಿದೀನಿ ನೋಡಿ.’

ಮರುದಿನ ಭಾನುವಾರ ಹನ್ನೊಂದು ಗಂಟೆಗೆ ನನ್ನನ್ನೂ ಕರೆದುಕೊಂಡು ಹೊರಟರು. ಎರಡು ಬೀದಿಯ ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ಫ್ಲ್ಯಾಟಿನ ಕೆಳಗೆ ನಿಂತು, ಯಾವ ಮಹಡಿ ಎಂದು ನೆನಪಾಗದೆ, ಗೋಡೆಯ ಮೇಲಿನ ಹೆಸರುಗಳ ಪಟ್ಟಿಯನ್ನು ಬೆರಳಿಟ್ಟು ಓದಿದರು. ಬಾಗಿಲು ತೆಗೆದ ಶ್ರೀನಿವಾಸಯ್ಯ ‘ಬನ್ನಿ ಮೇಷ್ಟ್ರೇ’ ಎಂದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಅವರೇ ಕೈಯಾರೆ ಬರೆದ ಚಾಮರಾಜಪೇಟೆಯ ನಕ್ಷೆ, ಪ್ರತಿ ಅಡ್ಡರಸ್ತೆಯೂ ಕೂದಲೆಳೆಯ ಗೆರೆಯಲ್ಲಿ. ಬದರೀನಾರಾಯಣರು ಕೂತರು, ಕೆಮ್ಮಿದರು, ಒಳಜೇಬಿನಿಂದ ಮಡಿಸಿದ ಕಾಗದ ತೆಗೆದು, ಕನ್ನಡಕ ಸರಿಮಾಡಿಕೊಂಡು, ಅದನ್ನು ಓದತೊಡಗಿದರು.

‘ಮಾನ್ಯ ಸಂಪಾದಕರೇ...’

ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಶ್ರೀನಿವಾಸಯ್ಯ ಕೈ ನೀಡಿ ಮೆಲ್ಲಗೆ ಕಾಗದವನ್ನು ಕೆಳಗಿಳಿಸಿದರು.

‘ಸಂಪಾದಕರು ಇಲ್ಲಿಲ್ಲ ಮೇಷ್ಟ್ರೇ. ನಾನಿದೀನಿ.’

ನೂರೈವತ್ತು ಪದ ಕೈಯಲ್ಲಿ ಹಿಡಿದುಕೊಂಡ ಮನುಷ್ಯನಿಗೆ ಒಂದು ಪದವೂ ಸಿಗದಿರುವುದನ್ನು ನೋಡುವುದು ಕಷ್ಟವಾಗಿತ್ತು. ಶ್ರೀನಿವಾಸಯ್ಯನವರೇ ಮಾತಾಡಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿ ಎನಿಸುವಂತಿತ್ತು.

‘ನಿಮ್ಮನೇಲಿ ಊಟ ಮಾಡಿದ್ದು ನಂಗೆ ಹಸಿವಾಗಿತ್ತು ಅಂತ. ಮನೆ ದೂರ ಇತ್ತು, ಅಮ್ಮನವರ ಸಾರು ಚೆನ್ನಾಗಿತ್ತು. ಅಷ್ಟೇ ಅಂದ್ಕೊಂಡಿದ್ದೆ. ನೀವು ಅದನ್ನ ಎಣಿಸ್ಕೊಂಡು ಬರ್ತಿದ್ರಿ ಅಂತ ಗೊತ್ತಿರ್ಲಿಲ್ಲ.’

‘ಎಣಿಸಿಲ್ಲ ಶ್ರೀನಿವಾಸ್. ದೇವರಾಣೆ ಎಣಿಸಿಲ್ಲ. ಆ ಲೇಖನ ಓದೋವರೆಗೂ ನಂಗೆ...’ ಎಂದು ಬದರೀನಾರಾಯಣರು ಅರ್ಧಕ್ಕೇ ನಿಲ್ಲಿಸಿದರು. ಅದು ನಿಜವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಿಜವಾದದ್ದರಿಂದ ಏನೂ ಹಗುರವಾಗಲಿಲ್ಲ.

ಒಳಗಿನಿಂದ ಗಂಗರತ್ನಮ್ಮ ಬಂದರು. ‘ಅಡುಗೆ ಆಗಿದೆ. ಇವತ್ತಾದ್ರೂ ಮಾಡ್ಕೊಂಡೇ ಹೋಗ್ಬೇಕು ಮೇಷ್ಟ್ರೇ. ಗೃಹಪ್ರವೇಶದ ದಿನ ಹಾಗೇ ಹೋಗ್ಬಿಟ್ರಿ, ಎಲ್ಲೋ ಭಾಷಣ ಇದೆ ಅಂತ’ ಎಂದರು. ಕುಟುಕುವ ದನಿಯಿರಲಿಲ್ಲ, ನೆನಪಿದ್ದದ್ದನ್ನು ಹೇಳಿದರು. ‘ಹೌದಮ್ಮ’ ಎಂದರು ಬದರೀನಾರಾಯಣರು, ‘ಸಾಮಾಜಿಕ ಸಮಾನತೆ ಮೇಲೆ.’ ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ ತಲೆ ತಗ್ಗಿಸಿದರು. ಮೂವತ್ತು ವರ್ಷದಲ್ಲಿ ಶ್ರೀನಿವಾಸಯ್ಯನವರ ಮನೆಯ ಅನ್ನವನ್ನು ಅವರು ಉಂಡಿರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ತಾನೂ ಅಲ್ಲಿ ಉಣ್ಣಬೇಕಿತ್ತೆಂದು ಆ ವಿದ್ವಾಂಸನಿಗೆ ಹೊಳೆದೇ ಇರಲಿಲ್ಲ.

ಹುರುಳಿಕಾಳಿನ ಸಾರು, ಬದನೆಕಾಯಿ ಪಲ್ಯ. ಕೋಟಿನ ತೋಳು ಮಡಿಸಿಕೊಂಡು ಎರಡು ಸಲ ಅನ್ನ ಹಾಕಿಸಿಕೊಂಡರು. ಹಿಂದಿರುಗುವಾಗ ನಾಲ್ಕನೇ ಮೇನಿನ ತಿರುವಿನವರೆಗೆ ನಿಲ್ಲದೆ ಬಂದವರು ಅಲ್ಲಿ ಗಕ್ಕನೆ ನಿಂತರು. ಕಣ್ಣು ಒದ್ದೆಯಾಗಿತ್ತು. ಕೈ ಜೇಬಿನ ಪೆನ್ಸಿಲಿನ ಮೇಲಿತ್ತು.

‘ಇದನ್ನ ಬರೀಬೇಕು ಅಲ್ವೇನ್ರೀ?’

‘ಬೇಡ ಸಾರ್. ಕೈ ಮುಗೀತೀನಿ’ ಎಂದೆ.

ಅವರು ಬರೆಯಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ಸಂಯಮವೆಂದು ನನಗೆ ಗೊತ್ತು. ಶ್ರೀನಿವಾಸಯ್ಯ ತಿಂಗಳ ಮೇಲೆ ಪಾರ್ಕಿಗೆ ಬಂದರು. ಈಗ ಇಬ್ಬರೂ ಜೊತೆಗೇ ನಡೆಯುತ್ತಾರೆ. ಮೇಷ್ಟ್ರು ನಿಂತರೆ ಅವರೂ ನಿಲ್ಲುತ್ತಾರೆ, ಮುಂದೆ ಹೋಗಿಬಿಡುವುದಿಲ್ಲ. ಹೊಸ ಸೌಜನ್ಯ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಶನಿವಾರದ ಊಟಕ್ಕೆ ಅವರು ಮತ್ತೆ ಬರಲಿಲ್ಲ, ಜಾನಕಮ್ಮನೂ ಅಕ್ಕಿಯ ಅಳತೆ ಬದಲಾಯಿಸಿಕೊಂಡರು.

ಬದರೀನಾರಾಯಣರಂಥವರು ನಮ್ಮ ಹಳೆಯ ಬಡಾವಣೆಗಳ ಬೀದಿಗೊಬ್ಬರಂತೆ ಇನ್ನೂ ಇದ್ದಾರೆ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಲಂಚ ಮುಟ್ಟದೆ, ಸುಳ್ಳು ಹೇಳದೆ, ಯಾರ ಹಂಗಿಗೂ ಬೀಳದೆ ಬದುಕಿದವರು. ಸಮಾಜದ ಚಿಂತೆಯನ್ನು ಕಾಫಿಗಿಂತ ಮೊದಲು ಎತ್ತಿಕೊಳ್ಳುವವರು. ಇಡೀ ಮನುಷ್ಯಕುಲವನ್ನು ಪ್ರೀತಿಸುವುದನ್ನು ಇವರು ಓದಿ, ಅಭ್ಯಾಸ ಮಾಡಿ ಕಲಿತರು. ಪಕ್ಕದಲ್ಲಿ ಕೂತ ಒಬ್ಬನನ್ನು ಪ್ರೀತಿಸುವುದು ಇವರಿಗೆ ಕಲಿಯದೆಯೇ ಬಂದಿತ್ತು, ಮತ್ತು ಕಲಿಯದೆ ಬಂದದ್ದಕ್ಕೆ ಬೆಲೆಯುಂಟೆಂದು ಅಚ್ಚಿನಲ್ಲಿ ನೋಡುವವರೆಗೆ ಇವರಿಗೆ ನಂಬಿಕೆ ಬರುವುದಿಲ್ಲ. ನಾನು ಇವರನ್ನು ಹೊರಗೆ ನಿಂತು ನೋಡುತ್ತಿಲ್ಲ. ಬೇಡವೆಂದು ಕೈ ಮುಗಿದವನೇ ಇಲ್ಲಿ ಕೂತು ಎಲ್ಲವನ್ನೂ ಬರೆದಿದ್ದೇನೆ.

ಈ ಸಲ ಒಂದು ಎಚ್ಚರ ವಹಿಸಿದೆ. ಅಚ್ಚಿಗೆ ಕೊಡುವ ಮುನ್ನ ಇಬ್ಬರ ಮನೆಗೂ ಹೋಗಿ ಓದಿದೆ. ಬದರೀನಾರಾಯಣರು ಎರಡು ಕಡೆ ತಡೆದು, ಕೊನೆಗೆ ಒಪ್ಪಿದರು. ಶ್ರೀನಿವಾಸಯ್ಯ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಹೆಸರು ಬದಲಾಯಿಸಲೇ, ಜಾತಿಯ ಮಾತು ತೆಗೆದುಬಿಡಲೇ ಎಂದು ಕೇಳಿದೆ.

‘ಯಾಕೆ ತೆಗೀಬೇಕು, ಇರ್ಲಿ’ ಎಂದರು. ‘ಹೆಸರು ಮೊದಲು ಬರ್ಲಿ, ಅಷ್ಟೇ.’